ವಿಯೆನ್ನಾದಲ್ಲಿ ಮೂರು ರಾತ್ರಿ: ಸೈಕಲ್‌ಗೂ ರಜೆ, ಕಾಲಿಗೂ ರಜೆ

ಮೊದಲೇ ಅಂಕ ಹೇಳಿಬಿಡುತ್ತೇನೆ: 5ಕ್ಕೆ 4. ಒಂದು ಅಂಕ ಹೋಗಿದ್ದರಲ್ಲಿ ಅರ್ಧ ನಾನು ಇಳಿದುಕೊಂಡ ಹಾಸ್ಟೆಲ್‌ನ ತಪ್ಪು, ಇನ್ನರ್ಧ ನನ್ನದೇ. ಭಾನುವಾರ ಹೋಗಿಬಿಟ್ಟೆ.

ಜರ್ಮನಿಯ ಡೊನೌಎಷಿಂಗೆನ್‌ನಿಂದ ಡ್ಯಾನ್ಯೂಬ್ ನದಿಯ ಪಕ್ಕ ಹಿಡಿದು ಬುಡಾಪೆಸ್ಟ್‌ವರೆಗೆ ಹೋಗುವುದು ನನ್ನ ಪ್ಲಾನ್. ಯೂರೋವೆಲೊ 6 ಅಂತ ಒಂದು ದಾರಿ ಇದೆ, ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ, ಅದರ ಒಂದು ತುಂಡು ಇದು. ವಿಯೆನ್ನಾ ಮುಟ್ಟುವಷ್ಟರಲ್ಲಿ ಸುಮಾರು 900 ಕಿ.ಮೀ. ಆಗಿತ್ತು. ಹದಿನಾಲ್ಕು ದಿನ ಟೆಂಟು, ಬ್ರೆಡ್ಡು, ಚೀಸು. ಮನೆಯಿಂದ ತಂದ ಚಟ್ನಿಪುಡಿ ಜರ್ಮನಿಯ ಗಡಿಯ ಊರು ಪಾಸೌ ದಾಟುವ ಮೊದಲೇ ಖಾಲಿ. ಷೆಂಗೆನ್ ವೀಸಾದ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ದಿನ ಎಣಿಸಿಕೊಂಡು ಬಂದವರಿಗೆ ಒಂದು ದಿನ ಸುಮ್ನೆ ಕೂರುವುದು ಅಂದರೂ ಜೀವ ಚುರ್ ಅನ್ನುತ್ತದೆ. ಆದರೂ ಮೂರು ರಾತ್ರಿ ಉಳಿದೆ. ಒಂದೇ ರಾತ್ರಿ ಉಳಿದರೆ ಅದು ವಿಶ್ರಾಂತಿಯಲ್ಲ, ಬಟ್ಟೆ ಒಗೆಯುವುದರಲ್ಲೇ ಮುಗಿಯುತ್ತದೆ.

ಊರಿನೊಳಗೆ ಬರುವ ದಾರಿಗೆ ಪೂರ್ತಿ ಅಂಕ. ಕ್ಲೋಸ್ಟರ್‌ನಾಯ್‌ಬುರ್ಗ್ ದಾಟಿ ನುಸ್‌ಡೋರ್ಫ್ ಹತ್ತಿರ ಡ್ಯಾನ್ಯೂಬ್ ಕಾಲುವೆಯ ಪಕ್ಕಕ್ಕೆ ತಿರುಗಿದರೆ, ಗೋಡೆ ತುಂಬಾ ಬಣ್ಣಬಣ್ಣದ ಗೀಚು ಚಿತ್ರ ನೋಡಿಕೊಂಡು, ಲಾರಿ ಬಸ್ಸುಗಳ ಜೊತೆ ಗುದ್ದಾಡದೆ, ಊರಿನ ನಡುಮಧ್ಯಕ್ಕೆ ಬಂದು ಬಿಡುತ್ತೀರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯಿಂದ ಸೈಕಲ್ ಮೇಲೆ ಒಳಗೆ ಬಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಹಾಸ್ಟೆಲ್. ವೆಬ್‌ಸೈಟ್‌ನಲ್ಲಿ 'ಸೈಕಲ್‌ಗೆ ಭದ್ರವಾದ ಜಾಗ' ಅಂತ ಇತ್ತು. ಹೋಗಿ ನೋಡಿದರೆ ಹಿತ್ತಲಿನಲ್ಲಿ ಕಸದ ಡಬ್ಬಿಗಳ ಪಕ್ಕ ಒಂದು ಕಬ್ಬಿಣದ ಕಂಬಿ, ಗೇಟು ಹಗಲು ರಾತ್ರಿ ತೆರೆದೇ ಇರುತ್ತದೆ! ಸ್ವಲ್ಪ ಗಲಾಟೆ ಮಾಡಿದ ಮೇಲೆ ನೆಲಮಾಳಿಗೆಯ ಬೀಗ ತೆಗೆದರು. ಕಡಿದಾದ 19 ಮೆಟ್ಟಿಲು. ನಾಲ್ಕು ಬ್ಯಾಗು ಬಿಚ್ಚಿ, ಸೈಕಲ್ ಹೆಗಲ ಮೇಲೆ ಹೊತ್ತು ಇಳಿಸುವಷ್ಟರಲ್ಲಿ ಆವತ್ತಿನ 80 ಕಿ.ಮೀ.ಗಿಂತ ಜಾಸ್ತಿ ಬೆವರು ಬಂತು. ಬುಕ್ ಮಾಡುವ ಮುಂಚೆ ಒಂದು ಮೇಲ್ ಹಾಕಿ ಕೇಳಿ: ಸೈಕಲ್ ಇಡುವ ಕೋಣೆಗೆ ಬೀಗ ಇದೆಯಾ, ಬೀಗದ ಕೈ ಯಾರ ಹತ್ತಿರ, ಮೆಟ್ಟಿಲೆಷ್ಟು. ತಿಂಡಿ ಕೊಡುತ್ತಾರಾ ಅಂತ ಆಮೇಲೆ ಕೇಳಿದರಾಯಿತು.

ಸಂಜೆ ಹಸಿವು. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ, ಸೂಪರ್ ಮಾರ್ಕೆಟ್ ಹೆಚ್ಚುಕಡಿಮೆ ಎಲ್ಲಾ ಬಂದ್. ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿಯಂಥ ಕೆಲವು ಮಾತ್ರ ತೆರೆದಿರುತ್ತವೆ. ಪ್ರಾಟರ್‌ಸ್ಟರ್ನ್ ನಿಲ್ದಾಣಕ್ಕೆ ಹೋದರೆ ಇಡೀ ವಿಯೆನ್ನಾ ಅಲ್ಲೇ ಹಾಲು ಮೊಟ್ಟೆಗೆ ಕ್ಯೂ ನಿಂತ ಹಾಗಿತ್ತು.

ಸೋಮವಾರ ಮಧ್ಯಾಹ್ನ ಅನ್ನ ಸಿಕ್ಕಿತು. ಲೀಷ್ಟೆನ್‌ಸ್ಟೈನ್‌ಸ್ಟ್ರಾಸೆಯಲ್ಲಿ ವೀನರ್ ದೀವಾನ್ ಅಂತ ಪಾಕಿಸ್ತಾನಿ ಊಟದ ಜಾಗ ಇದೆ. ಬೇಕಾದಷ್ಟು ತಿನ್ನಿ, ನಿಮಗೆ ಸರಿ ಅನ್ನಿಸಿದಷ್ಟು ಕೊಡಿ. ಅಷ್ಟೇ ನಿಯಮ. ಸಸ್ಯಾಹಾರಿ ಸಾಂಬಾರೂ ಇರುತ್ತದೆ. ನಾನು ಮೂರು ಸಲ ಬಡಿಸಿಕೊಂಡೆ, ಬೇಳೆ ಅನ್ನಕ್ಕೆ ಬೆರೆತು ಕೈಗೆ ಹತ್ತಿದ ಆ ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಷ್ಟು ಕೊಡಬೇಕು ಅನ್ನುವುದೇ ಫಜೀತಿ. ಕಡಿಮೆ ಕೊಟ್ಟರೆ ನಾಚಿಕೆ, ಜಾಸ್ತಿ ಕೊಟ್ಟರೆ ಬಜೆಟ್ ಢಮಾರ್. ಕೊನೆಗೆ ನಾಚಿಕೆ ಗೆದ್ದಿತು.

ಊರೊಳಗೆ ಸೈಕಲ್ ಮುಟ್ಟಬೇಡಿ, ಇದು ನನ್ನ ಖಂಡಿತ ಸಲಹೆ. ಹಳೆ ಊರನ್ನು ಸುತ್ತುವ ರಿಂಗ್‌ಸ್ಟ್ರಾಸೆ ರಸ್ತೆಯ ಪಕ್ಕ ಸೈಕಲ್ ದಾರಿ ಇದೆ ನಿಜ, ಆದರೆ ಅರಮನೆಯ ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವ ಪ್ರವಾಸಿಗರು ಅದರ ಮೇಲೇ ಇರುತ್ತಾರೆ. ಟ್ರಾಮ್ ಹಳಿಯ ಸಂದಿಗೆ ಚಕ್ರ ಸಿಕ್ಕಿದರೆ ಮುಗಿಯಿತು, ಅದನ್ನು ಅಡ್ಡಡ್ಡ ದಾಟಬೇಕು. ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ಒಂದೇ ಟಿಕೆಟ್. ಕಾಗದದ ಟಿಕೆಟ್ ಆದರೆ ಮೊದಲ ಸಲ ಹತ್ತುವಾಗಲೇ ಮೆಷಿನ್‌ಗೆ ತುರುಕಿ ಮುದ್ರೆ ಹಾಕಿಸಿಕೊಳ್ಳಿ. ತಡೆಯಲು ಗೇಟು ಇಲ್ಲವಲ್ಲ ಅಂತ ಮುದ್ರೆ ಹಾಕಿಸದೆ ಹೋದರೆ ದಂಡ. ಸೈಕಲ್ ಒಯ್ಯಲೇಬೇಕು ಅಂದರೆ ಮೆಟ್ರೋದಲ್ಲಿ ಮಾತ್ರ, ಕೆಲಸದ ದಿನ ಬೆಳಗ್ಗೆ 9ರಿಂದ ಮಧ್ಯಾಹ್ನ 3, ಮತ್ತೆ ಸಂಜೆ 6.30ರ ನಂತರ.

ಒಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ದಿನಕ್ಕೆ 80 ಕಿ.ಮೀ. ತುಳಿಯುವ ಕಾಲು ಮ್ಯೂಸಿಯಂನಲ್ಲಿ ಎರಡು ಗಂಟೆ ನಿಲ್ಲುವುದಿಲ್ಲ. ತುಳಿಯುವ ಸ್ನಾಯು ಬೇರೆ, ನಿಲ್ಲುವ ಸ್ನಾಯು ಬೇರೆ ಅನ್ನಿಸುತ್ತದೆ. ಒಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ಸಿಗುತ್ತದೆ ಅಂತ ಎಲ್ಲರೂ ಹುರಿದುಂಬಿಸಿದರು, ಕೈ ಮುಗಿದು ಬಿಟ್ಟೆ. ಕುನ್ಸ್ಟ್‌ಹಿಸ್ಟೋರಿಷಸ್ ಅನ್ನುವ ಕಲಾ ಮ್ಯೂಸಿಯಂನಲ್ಲೂ ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳ ಕೋಣೆ ಒಂದನ್ನೇ ನೋಡಿದ್ದು. 1565ರ ಚಿತ್ರವೊಂದಿದೆ, ಬೇಟೆಗಾರರು ಹಿಮದಲ್ಲಿ ಕಾಲೆಳೆದುಕೊಂಡು ಊರಿಗೆ ಇಳಿಯುತ್ತಿದ್ದಾರೆ, ನಾಯಿಗಳೂ ಸುಸ್ತು. ಅದರ ಮುಂದೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಅವರ ಬೆನ್ನು ನೋಡಿದರೆ ಸಾಕು, ಎಷ್ಟು ದೂರ ಬಂದಿದ್ದಾರೆ ಅಂತ ಗೊತ್ತಾಗುತ್ತದೆ.

ಉಳಿದ ಹೊತ್ತೆಲ್ಲ ಕಾಫಿ ಮನೆ. ಮೆಲಾಂಜ್ ಅಂತ ಹಾಲು ಹಾಕಿದ ಕಾಫಿ, ಪುಟ್ಟ ತಟ್ಟೆ, ಜೊತೆಗೆ ಒಂದು ಲೋಟ ನೀರು. ದರ್ಶಿನಿಯಲ್ಲಿ ನಿಂತು ಮೂರು ನಿಮಿಷಕ್ಕೆ ಮುಗಿಸುವ ನಮಗೆ, ಒಂದೇ ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ ಅನ್ನುವುದೇ ವಿಚಿತ್ರ, ಅಲ್ವಾ? ಬೆಲೆ ಜಾಸ್ತಿ. ಕಾಫಿಗಲ್ಲ, ಕುರ್ಚಿಗೆ ಬಾಡಿಗೆ ಅಂದುಕೊಂಡೆ. ರುಚಿಯಲ್ಲಿ ನಮ್ಮ ಫಿಲ್ಟರ್ ಕಾಫಿಯೇ ಮೇಲು.

ಮಂಗಳವಾರ ಸಂಜೆ ಡೊನೌಇನ್ಸೆಲ್‌ನಲ್ಲಿ ಈಜಿದೆ. ಪ್ರವಾಹ ತಡೆಯಲು ತೋಡಿದ ಹೊಸ ಕಾಲುವೆಯ ಮಣ್ಣಿನಿಂದಲೇ ಕಟ್ಟಿದ 21 ಕಿ.ಮೀ. ಉದ್ದದ ದ್ವೀಪ. ಪೈಸೆ ಕೊಡಬೇಕಿಲ್ಲ. ಇಡೀ ಮೂರು ದಿನದಲ್ಲಿ ಕಾಲಿಗೆ ನಿಜವಾದ ಆರಾಮ ಸಿಕ್ಕಿದ್ದು ಆ ನೀರಿನಲ್ಲೇ.

ಬುಧವಾರ ಬೆಳಗ್ಗೆ ಮತ್ತೆ 19 ಮೆಟ್ಟಿಲು, ಈ ಸಲ ಮೇಲಕ್ಕೆ. ಹೊರಡುವ ಮುಂಚೆ ಇದ್ದ ಬಾಟಲಿಗೆಲ್ಲ ಬೀದಿ ನಲ್ಲಿಯಿಂದ ನೀರು ತುಂಬಿಸಿದೆ. 1873ರಿಂದ ಆಲ್ಪ್ಸ್ ಬೆಟ್ಟದ ಚಿಲುಮೆಯಿಂದ ಬರುತ್ತಿರುವ ನೀರು, ತಣ್ಣಗೆ, ಸಿಹಿ. ನೀವೂ ತುಂಬಿಸಿಕೊಳ್ಳಿ. ವಿಯೆನ್ನಾ ದಾಟಿ ಹೈನ್‌ಬುರ್ಗ್ ಕಡೆಗೆ ಹೋಗುವಾಗ ಕಾಡಿನ ಪಕ್ಕ ಏರಿಯ ಮೇಲೆ ಗೆರೆ ಎಳೆದ ಹಾಗೆ ನೇರ ದಾರಿ, ನೆರಳು ಕಡಿಮೆ, ಅಂಗಡಿ ಅದಕ್ಕಿಂತ ಕಡಿಮೆ.