ಫಿಟ್‌ನೆಸ್ ಬ್ಯಾಂಡ್‌ನಲ್ಲಿ ಹೃದಯ ಬಡಿತ: ಎರಡು ವರ್ಷ ಕಟ್ಟಿದ ಮೇಲೆ ನನ್ನ ಅಭಿಪ್ರಾಯ

ಎರಡೂವರೆ ಸಾವಿರ ರೂಪಾಯಿಯೊಳಗೆ ಸಿಗುವ ಸಾದಾ ಬ್ಯಾಂಡ್ ಇದು. ಈ ಬೆಲೆಯವು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಅದಕ್ಕೇ ಕಂಪನಿ ಹೆಸರು ಬರೆಯುತ್ತಿಲ್ಲ. ಹೆಜ್ಜೆ ಲೆಕ್ಕ, ನಿದ್ದೆ, ಮೆಸೇಜು ಎಲ್ಲಾ ಇದೆ. ಆದರೆ ನಾನು ತಗೊಂಡಿದ್ದು ಒಂದೇ ಕಾರಣಕ್ಕೆ: ಸುಮ್ನೆ ಕೂತಾಗ, ಮಲಗಿದಾಗ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ತಿಳಿಯಲು. ಆ್ಯಪ್‌ನಲ್ಲಿ ಇದನ್ನು ರೆಸ್ಟಿಂಗ್ ಹಾರ್ಟ್ ರೇಟ್ ಅನ್ನುತ್ತಾರೆ. ಎರಡು ವರ್ಷದ ಮೇಲಾಯಿತು, ಹಗಲೂ ರಾತ್ರಿ ಕೈಯಲ್ಲೇ ಇದೆ. ಬ್ಯಾಂಡ್ ಚೆನ್ನಾಗಿದೆ. ನನ್ನ ತಕರಾರು ಇರುವುದು ಆ್ಯಪ್ ಹಸಿರು ಬಣ್ಣದಲ್ಲಿ ತೋರಿಸುವ ‘ನಾರ್ಮಲ್’ ಬಗ್ಗೆ.

ದೊಡ್ಡವರಿಗೆ 60ರಿಂದ 100 ನಾರ್ಮಲ್ ಎಂದು ಡಾಕ್ಟರುಗಳೂ ಹೇಳುತ್ತಾರೆ, ಅದು ಸರಿಯೇ. ಆದರೆ ಅದು ಎಲ್ಲರನ್ನೂ ಸೇರಿಸಿ ಹಾಕಿದ ಗೆರೆ. ಒಬ್ಬರ ಹೃದಯ ಇವತ್ತು 62, ವಾರ ಬಿಟ್ಟು 95 ಎಂದು ಓಡಾಡುವುದಿಲ್ಲ. ಆರೋಗ್ಯವಾಗಿದ್ದರೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇರುತ್ತದೆ, ಅದರ ಆಚೀಚೆ ಮೂರು ನಾಲ್ಕು ಬಡಿತ ಅಷ್ಟೇ. ನನ್ನದು 66ರ ಆಸುಪಾಸು. ಆ್ಯಪ್ ನೋಡುವುದು 60–100ರ ಬೇಲಿಯನ್ನು. ನೋಡಬೇಕಾದ್ದು ನಮ್ಮದೇ ಸಂಖ್ಯೆ ಎತ್ತ ಹೋಗುತ್ತಿದೆ ಎಂದು.

ನನ್ನ ತಂಗಿಯದೇ ಉದಾಹರಣೆ ಹೇಳುತ್ತೇನೆ. ಅವಳದ್ದೂ ಇದೇ ಬ್ಯಾಂಡ್. ಮೊದಲಿಂದ 70, 72 ಇರುತ್ತಿತ್ತು. ಒಂದು ಮಳೆಗಾಲದಲ್ಲಿ ಮೆಲ್ಲಗೆ 80 ದಾಟಿತು, ಆಮೇಲೆ 88ಕ್ಕೆ ಬಂದು ನಿಂತಿತು. ಆ್ಯಪ್‌ನಲ್ಲಿ ಅಷ್ಟೂ ದಿನ ಹಸಿರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಆಫೀಸು, ಮನೆ ಎರಡೂ ಕಡೆ ಕೆಲಸ ಜಾಸ್ತಿ ಎಂದು ಬಿಟ್ಟಿದ್ದಳು. ತಿಂಗಳ ಗ್ರಾಫ್ ತೆಗೆದು ನೋಡಿದಾಗ ಗೆರೆ ಒಂದೇ ಸಮ ಮೇಲೆ ಹೋಗಿರುವುದು ಕಂಡಿತು. ಫೋನ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋದೆವು. ಅವರು ಗ್ರಾಫ್ ನೋಡಿದರು, ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಮುಟ್ಟಿನ ಬಗ್ಗೆ ಕೇಳಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8ರ ಹತ್ತಿರ. ಹೆಂಗಸರಿಗೆ 12 ಆದರೂ ಇರಬೇಕು. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾದಾಗ ಹೃದಯ ಹೆಚ್ಚು ಸಲ ಬಡಿದು ಅದನ್ನು ಸರಿತೂಗಿಸುತ್ತದೆ. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ತಿಂಗಳುಗಟ್ಟಲೆ ಹಿಡಿಯಿತು, ಆದರೆ ಗೆರೆ ಮತ್ತೆ 70ರ ಕಡೆಗೆ ಇಳಿಯಿತು. ಈ ಒಂದು ಗ್ರಾಫ್‌ಗೆ ನಾನು ಕೊಟ್ಟ ದುಡ್ಡು ಸಾರ್ಥಕ ಎಂದೇ ನನ್ನ ಲೆಕ್ಕ.

ಅಮ್ಮನದು ಇದರ ತಿರುಗಾಮುರುಗ. ಅವರ ಕೈಗೆ ಕಟ್ಟಿದರೆ 54, 56. ಆ್ಯಪ್ ಕೆಂಪಗಾಗಿ ‘ಕಡಿಮೆ ಇದೆ’ ಎಂದು ಎಚ್ಚರಿಸುತ್ತದೆ. ಅಮ್ಮ ಬಿಪಿಗೆ ಮೆಟೊಪ್ರೊಲಾಲ್ ತಗೊಳ್ಳುತ್ತಾರೆ. ಆ ಜಾತಿಯ ಮಾತ್ರೆಗಳ ಕೆಲಸವೇ ಬಡಿತ ತಗ್ಗಿಸುವುದು. ತಲೆಸುತ್ತು, ಸುಸ್ತು ಇಲ್ಲದಿದ್ದರೆ ಚಿಂತೆ ಬೇಡ ಎಂದು ಅವರ ಡಾಕ್ಟರು ಹೇಳಿದ್ದಾರೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಬ್ಯಾಂಡ್ ಕಡಿಮೆ ತೋರಿಸಿತು ಎಂದು ಇಂಥ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಬಿಪಿಯೂ ಬಡಿತವೂ ಒಮ್ಮೆಲೇ ಏರಿ ಅಪಾಯವಾಗಬಹುದು. ದಿನಾ ಓಡುವವರಿಗೂ 60ರ ಕೆಳಗೆ ಇರುವುದು ಮಾಮೂಲಿ. ಅವರ ಹೃದಯ ಒಂದು ಬಡಿತಕ್ಕೇ ಜಾಸ್ತಿ ರಕ್ತ ತಳ್ಳುತ್ತದೆ.

ಇನ್ನು ಬ್ಯಾಂಡ್ ತೋರಿಸುವುದು ಎಷ್ಟು ನಿಜ? ಅದರ ಹಿಂಬದಿ ಒಂದು ಹಸಿರು ದೀಪ ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚುಕಡಿಮೆಯಾಗುತ್ತದಲ್ಲ, ಅದಕ್ಕೆ ತಕ್ಕಂತೆ ಮರಳಿ ಬರುವ ಬೆಳಕೂ ಬದಲಾಗುತ್ತದೆ. ಅದನ್ನೇ ಎಣಿಸುವುದು. ಕೈ ಅಲುಗಾಡದಿದ್ದರೆ ಲೆಕ್ಕ ಸರಿ ಬರುತ್ತದೆ. ಬೆಳಿಗ್ಗೆ ಏಳುವ ಮುಂಚೆ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ನಾಡಿ ಹಿಡಿದು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ ಎಷ್ಟೋ ಸಲ ತಾಳೆ ನೋಡಿದ್ದೇನೆ. ಒಂದೆರಡರ ವ್ಯತ್ಯಾಸ ಬರುತ್ತದೆ, ಅಷ್ಟೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಮಾತ್ರ ನಂಬುವ ಹಾಗಿಲ್ಲ. ಎದೆ ಡವಡವ ಅನ್ನುತ್ತಿರುತ್ತದೆ, ಇದು 94 ತೋರಿಸುತ್ತದೆ. ನಂದಿಯ ಹತ್ತಿರ ಕೂತು ನೀರು ಕುಡಿಯುವಾಗ 140ಕ್ಕೆ ಹಾರುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಜಾರದ ಹಾಗೆ ಕಟ್ಟಿದರೆ ಸ್ವಲ್ಪ ವಾಸಿ.

ಬ್ಯಾಂಡ್ ಬದಲಾಯಿಸುವವರು ಇದನ್ನು ಗಮನಿಸಿ. ‘ರೆಸ್ಟಿಂಗ್’ ಎಂದು ಯಾವುದನ್ನು ಹಿಡಿಯಬೇಕು ಎಂಬುದು ಒಂದೊಂದು ಆ್ಯಪ್‌ನಲ್ಲಿ ಒಂದೊಂದು ಥರ. ನಿದ್ದೆಯಲ್ಲಿನ ಬಡಿತವನ್ನು ಸೇರಿಸಿದರೆ ಸಂಖ್ಯೆ ತಗ್ಗುತ್ತದೆ. ಎಚ್ಚರ ಇದ್ದಾಗಿನದನ್ನು ಮಾತ್ರ ಹಿಡಿದರೆ ಜಾಸ್ತಿ ಬರುತ್ತದೆ. ಹೊಸ ಬ್ಯಾಂಡ್ ಆರು ಬಡಿತ ಹೆಚ್ಚು ತೋರಿಸಿದರೆ ಹೃದಯ ಕೆಟ್ಟಿತು ಎಂದೇನೂ ಅಲ್ಲ. ಪಕ್ಕದ ಸೀಟಿನವರ ಸಂಖ್ಯೆಗೆ ಹೋಲಿಸುವುದಂತೂ ದಂಡ.

ಒಂದು ದಿನದ ಏರಿಕೆಗೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ. ನಿದ್ದೆಗೆಟ್ಟ ರಾತ್ರಿ, ರಾತ್ರಿ ಬಸ್ಸಿನ ಪ್ರಯಾಣ, ಬಿಸಿಲಲ್ಲಿ ಸುತ್ತಿ ನೀರು ಕುಡಿಯದಿರುವುದು, ಮದ್ಯ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಹತ್ತರಷ್ಟು ಏರಬಹುದು. ವಾರ ಕಳೆದರೂ ಇಳಿಯದಿದ್ದರೆ ಆಗ ಕೇಳಬೇಕು. ರಕ್ತಹೀನತೆ, ಥೈರಾಯ್ಡ್ ಜಾಸ್ತಿಯಾಗಿರುವುದು ಇವನ್ನೆಲ್ಲ ಡಾಕ್ಟರು ಪರೀಕ್ಷೆ ಮಾಡಿಯೇ ಹೇಳಬೇಕು.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಇಲ್ಲಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮುಂಚೆಯೇ ಸಾಲು ನಿಲ್ಲುತ್ತಿತ್ತು. ನಮ್ಮ ಆಫೀಸಿನಲ್ಲೂ ಆಗಲೇ ಹಲವರು ಬ್ಯಾಂಡ್ ತಗೊಂಡರು. ‘72 ಇದೆ, ನನಗೇನೂ ತೊಂದರೆ ಇಲ್ಲ ಅಲ್ವಾ?’ ಎಂದು ಅವರು ಕೇಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ರಕ್ತನಾಳದಲ್ಲಿ ಬ್ಲಾಕ್ ಇದ್ದರೂ ನಾಡಿ 72 ಇರಬಹುದು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಇದರಲ್ಲಿ ಸರಿಯಾಗಿ ತಿಳಿಯುವುದಿಲ್ಲ, ಅವಕ್ಕೆ ಬೇರೆ ಪರೀಕ್ಷೆಗಳೇ ಬೇಕು. ಎದೆನೋವು, ತಣ್ಣನೆ ಬೆವರು, ಎಚ್ಚರ ತಪ್ಪುವುದು ಕಂಡರೆ ಕೈ ನೋಡಿಕೊಂಡು ಕೂರಬೇಡಿ, 108ಕ್ಕೆ ಫೋನ್ ಮಾಡಿ. ಏನೂ ಮಾಡದೆ ಕೂತಾಗಲೇ 100ರ ಮೇಲೆ ನಿಂತುಬಿಟ್ಟರೆ, ನಾಡಿ ತಾಳ ತಪ್ಪಿ ಬಡಿದರೆ ಇಸಿಜಿ ಮಾಡಿಸಿ.

ಉಳಿದದ್ದು ಚುಟುಕಾಗಿ. ಚಾರ್ಜ್ ಹೊಸದರಲ್ಲಿ ಹತ್ತು ದಿನ ಬರುತ್ತಿತ್ತು, ಈಗ ಆರು. ಬೆಲ್ಟ್ ಒಮ್ಮೆ ಹರಿದು ಬದಲಾಯಿಸಿದೆ. ಸ್ನಾನದ ಸೋಪು ಅಡಿಯಲ್ಲಿ ಉಳಿದರೆ ಕೈ ಕೆಂಪಾಗಿ ತುರಿಸುತ್ತದೆ, ಒರೆಸಿ ಕಟ್ಟಬೇಕು. ಆ್ಯಪ್‌ನ ಒತ್ತಡದ ಅಂಕ, ನಿದ್ದೆಯ ಅಂಕ ನನಗೆ ಉಪಯೋಗಕ್ಕೆ ಬಂದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ತಗೊಂಡವರು ಮೊದಲ ಎರಡು ವಾರ ಸುಮ್ನೆ ಕಟ್ಟಿಕೊಂಡಿರಿ, ನಿಮ್ಮ ಸಂಖ್ಯೆ ಯಾವುದೆಂದು ಗೊತ್ತಾಗಲಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಎಚ್ಚರಿಕೆಯ ಮಿತಿಯನ್ನು ಅದಕ್ಕೆ ತಕ್ಕಂತೆ ಬದಲಾಯಿಸಿ. ಅಮ್ಮನದನ್ನು ಡಾಕ್ಟರ ಮಾತು ಕೇಳಿ 50ಕ್ಕೆ ಇಳಿಸಿದ್ದೇನೆ.