ಹಳೆ ಗೇಮ್‌ಗೆ ಯಾವ ಕಂಪ್ಯೂಟರ್? ಮೂರನ್ನೂ ಜೋಡಿಸಿ ನೋಡಿದೆ

ಅಟ್ಟದ ಮೇಲೆ ಬಿದ್ದಿದ್ದ ಬಿಡಿಭಾಗಗಳಿಂದ ಮೂರು ಕಂಪ್ಯೂಟರ್ ಜೋಡಿಸಿದೆ. ಆಸೆ ಇಷ್ಟೇ: ಸ್ವಿಚ್ ಒತ್ತಿದರೆ ಗೇಮ್ ಶುರುವಾಗಬೇಕು. ಆಡೋದಕ್ಕಿಂತ ರಿಪೇರಿಯೇ ಜಾಸ್ತಿ ಆಗಬಾರದು, ಅಲ್ವಾ?

ಮನಸ್ಸು ಮೊದಲು ಓಡಿದ್ದು ಪೆಂಟಿಯಂ 3 ಕಡೆಗೆ. 256 ಎಂಬಿ ರ್‍ಯಾಮ್, ವಿಂಡೋಸ್ 98. ಮದರ್‌ಬೋರ್ಡಿನಲ್ಲಿ ಹಳೆ ಕಾರ್ಡ್‌ಗಳು ಕೂರುವ ಐಎಸ್‌ಎ ಸ್ಲಾಟ್ ಇತ್ತು, ಸೌಂಡ್ ಬ್ಲಾಸ್ಟರ್ 16 ಎಂಬ ಸೌಂಡ್ ಕಾರ್ಡ್ ಕೂರಿಸಿದೆ. ಡೂಮ್ ಎಂಬ ಶೂಟಿಂಗ್ ಗೇಮಿನ ಸೆಟಪ್‌ನಲ್ಲಿ, ಗೇಮ್ ಆ ಕಾರ್ಡಿನ ಜೊತೆ ಮಾತಾಡಲು ಬೇಕಾದ ಸಂಖ್ಯೆಗಳನ್ನು ಐಆರ್‌ಕ್ಯೂ 5, ಡಿಎಂಎ 1 ಅಂತ ಆರಿಸಿದೆ. ಸ್ಪೀಕರ್‌ನಿಂದ ಆ ಗಿಟಾರ್ ಬಂದಾಗ ಮೈ ಜುಮ್ಮೆಂದಿತು.

ಆದರೆ ಅಲ್ಲಿಗೆ ತಲುಪೋಕೆ ನಾಲ್ಕು ಸಂಜೆ ಬೇಕಾಯಿತು. ಪ್ರತಿ ಸಲ ಆನ್ ಮಾಡಿದಾಗ ಬಯೋಸ್ (ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿಹೋಗುತ್ತಿತ್ತು. ಸಿಆರ್2032 ಸೆಲ್ ಬದಲಿಸಿದೆ, ಸರಿಹೋಯಿತು. ಆಮೇಲೆ ಗೇಮ್ ಮಧ್ಯೆ ಹ್ಯಾಂಗ್ ಆಗತೊಡಗಿತು. ಟಾರ್ಚ್ ಹಿಡಿದು ನೋಡಿದರೆ ಪ್ರೊಸೆಸರ್ ಪಕ್ಕದ ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಒಂದರ ಮೇಲೆ ಕಂದು ಬಣ್ಣದ ಕಲೆ ಒಣಗಿತ್ತು. ಬೋರ್ಡನ್ನೇ ಬದಲಿಸಿದೆ. ಗರಗರ ಎನ್ನುತ್ತಿದ್ದ ಹಾರ್ಡ್ ಡಿಸ್ಕ್ ತೆಗೆದು ಅಡಾಪ್ಟರ್ ಮೂಲಕ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದ್ದು ಮಾತ್ರ ಒಂದೇ ಏಟಿಗೆ ಕೆಲಸ ಮಾಡಿತು. ಆ ಕಾರ್ಡ್ ಹಳೆ ಬಗೆಯ ಐಡಿಇ ಹಾರ್ಡ್ ಡಿಸ್ಕಿನಂತೆಯೇ ನಡೆದುಕೊಳ್ಳುತ್ತದೆ. 98 ಹಾಕುವವರು ರ್‍ಯಾಮ್ 512 ಎಂಬಿ ದಾಟಿಸಬೇಡಿ, ಡಿಸ್ಕ್ 137 ಜಿಬಿ ಒಳಗಿರಲಿ. ಇಲ್ಲದಿದ್ದರೆ ಸುಮ್ನೆ ತಲೆನೋವು.

ಎರಡನೆಯದು ಕೋರ್ 2 ಡ್ಯುಯೊ, 2 ಜಿಬಿ ರ್‍ಯಾಮ್, ವಿಂಡೋಸ್ ಎಕ್ಸ್‌ಪಿ. ಒಂದೇ ಸಂಜೆಯಲ್ಲಿ ಮುಗಿಯಿತು. ಬಯೋಸ್‌ನಲ್ಲಿ ಸಾಟಾ ಡಿಸ್ಕನ್ನು ಐಡಿಇ ಮೋಡ್‌ಗೆ ಇಡುವುದನ್ನು ಮರೆಯಬೇಡಿ. ಹೊಸ ಬಗೆಯ ಎಎಚ್‌ಸಿಐ ಮೋಡ್‌ನಲ್ಲೇ ಬಿಟ್ಟರೆ ಇನ್‌ಸ್ಟಾಲ್ ಮಾಡುವಾಗ ಬೇರೆ ಡ್ರೈವರ್ ಕೊಡಬೇಕಾಗುತ್ತದೆ. 2000ದ ಆಸುಪಾಸಿನ ಗೇಮ್‌ಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಗುಹೆ, ಕೋಣೆಗಳ ಪ್ರತಿಧ್ವನಿ ಕೊಡುವ ಇಎಎಕ್ಸ್ ಸದ್ದು ಸೌಂಡ್ ಕಾರ್ಡಿನಿಂದ ನೇರವಾಗಿ ಬರುತ್ತದೆ. ವಿಂಡೋಸ್ ವಿಸ್ತಾದಿಂದ ಮುಂದೆ ಆ ದಾರಿ ಮುಚ್ಚಿಹೋಯಿತು. ಎಕ್ಸ್‌ಪಿಗೆ ಅಪ್‌ಡೇಟ್ 2014ರಲ್ಲೇ ನಿಂತಿದೆ, ಹಾಗಾಗಿ ನೆಟ್ ಕೇಬಲ್ ಚುಚ್ಚಿಲ್ಲ.

ಡೂಮ್‌ನಂಥ ಡಾಸ್ (ವಿಂಡೋಸ್‌ಗೂ ಹಳೆಯ ವ್ಯವಸ್ಥೆ) ಗೇಮ್‌ಗಳಿಗೆ ಇದರಲ್ಲೇ ಡಾಸ್‌ಬಾಕ್ಸ್ ಹಾಕಿದೆ, ಅದು ಹಳೆ ಡಾಸ್ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಂ. ಗೇಮ್ ಅತಿ ವೇಗವಾಗಿ ಓಡಿದರೆ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ಸಾಕು, ನಿಧಾನವಾಗುತ್ತದೆ. ಪೆಂಟಿಯಂ 3ರಲ್ಲಿ ಇದೇ ಕೆಲಸಕ್ಕೆ ಬಯೋಸ್ ಹೊಕ್ಕು ಪ್ರೊಸೆಸರಿನ ಕ್ಯಾಶ್ (ವೇಗದ ಮೆಮೊರಿ) ಆಫ್ ಮಾಡಬೇಕಿತ್ತು. ಇನ್ನೊಂದು ಮಾತು: 320x200 ಚಿತ್ರವನ್ನು 4:3 ಪರದೆಗೆಂದೇ ಬಿಡಿಸಿದ್ದರು. ಅಗಲದ ಮಾನಿಟರ್‌ನಲ್ಲಿ ಎಳೆದರೆ ದುಂಡಗಿರುವ ಮುಖವೂ ಕುಂಬಳಕಾಯಿಯಂತಾಗುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಆಸ್ಪೆಕ್ಟ್ ಆನ್ ಮಾಡಿ, ಇಲ್ಲವೇ ಹಳೆ ಚೌಕದ ಮಾನಿಟರ್ ಹುಡುಕಿ. ನಾನು ಎರಡನೆಯದನ್ನೇ ಮಾಡಿದೆ.

ಮೂರನೆಯದು, ಆಫೀಸಿನ ಹಳೆ ಐ3 ಡಬ್ಬಕ್ಕೆ ಬಟೊಸೆರಾ (ಹಳೆ ಗೇಮ್ ಆಡಿಸುವ ಸಿದ್ಧ ವ್ಯವಸ್ಥೆ) ಹಾಕಿದ ಪೆನ್‌ಡ್ರೈವ್. ಡಿಸ್ಕ್ ಮುಟ್ಟೋದೇ ಬೇಡ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ಟಿವಿಗೆ ಹಾಕುವ ಕನ್ಸೋಲ್ ಗೇಮ್ ಮಾತ್ರ ಸಾಕು ಅನ್ನುವವರು ಬೇರೇನೂ ಯೋಚಿಸದೆ ಇದನ್ನೇ ಮಾಡಿ. ನನಗೆ ಬೇಕಿದ್ದುದು ಮೌಸ್, ಕೀಬೋರ್ಡಿನ ಗೇಮ್‌ಗಳು.

ಕೊನೆಗೆ ಮೇಜಿನ ಮೇಲೆ ಉಳಿದದ್ದು ಎಕ್ಸ್‌ಪಿ. ಒಂದು ರಾತ್ರಿ ಅದೇ ಡೂಮ್ ಅನ್ನು ಎಕ್ಸ್‌ಪಿ, ಪೆಂಟಿಯಂ 3 ಎರಡರಲ್ಲೂ ಹಾಕಿ, ಒಂದೇ ಹೆಡ್‌ಫೋನ್ ಬದಲಾಯಿಸುತ್ತಾ ಕಣ್ಣು ಮುಚ್ಚಿ ಕೇಳಿದೆ. ಸಂಗೀತದಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ. ಹಳೆ ಕಾರ್ಡನ್ನು ಗುರುತು ಹಿಡಿದದ್ದು ಹಾಡು ನಿಂತ ಮೇಲೂ ಉಳಿಯುವ ಸಣ್ಣ ಸುಯ್ ಸದ್ದಿನಿಂದ. ಆ ಸದ್ದಿಗಾಗಿಯೇ ಪೆಂಟಿಯಂ 3ನ್ನು ಇನ್ನೂ ಅಟ್ಟಕ್ಕೆ ಹಾಕಿಲ್ಲ.