ಗ್ಲೋ ಎಂಜಿನ್‌ನ ನೀಡಲ್: ಕಿವಿ, ಪಿಂಚ್, ಟ್ಯಾಕೋಮೀಟರ್‌ಗಳಲ್ಲಿ ಯಾವುದು ವಾಸಿ?

ಮಾಡೆಲ್ ವಿಮಾನದ ಗ್ಲೋ ಎಂಜಿನ್‌ಗೆ (ಬಿಸಿ ಪ್ಲಗ್‌ನಿಂದ ಫ್ಯೂಯಲ್ ಹೊತ್ತಿಸುವ ಪುಟ್ಟ ಎಂಜಿನ್) ಮೇನ್ ನೀಡಲ್, ಅಂದರೆ ಒಳಗೆ ಹೋಗುವ ಫ್ಯೂಯಲನ್ನು ಹೆಚ್ಚು ಕಡಿಮೆ ಮಾಡುವ ಸ್ಕ್ರೂ, ಸೆಟ್ ಮಾಡಲು ಮೂರು ದಾರಿಗಳಿವೆ. ಸದ್ದು ಕೇಳಿ ತಿರುಗಿಸುವುದು, ಫ್ಯೂಯಲ್ ಪೈಪನ್ನು ಹಿಸುಕಿ ನೋಡುವುದು, ಟ್ಯಾಕೋಮೀಟರ್ ಹಿಡಿದು ಆರ್‌ಪಿಎಂ ಓದುವುದು. ಮೂರನ್ನೂ ಒಂದೇ ಎಂಜಿನ್ ಮೇಲೆ ಬಳಸಿ ನೋಡಿದ್ದೇನೆ. 0.46 ಘನ ಇಂಚಿನ ಟೂ ಸ್ಟ್ರೋಕ್, 11 ಇಂಟು 6 ಪ್ರಾಪ್ (ಪ್ರೊಪೆಲ್ಲರ್; 11 ಇಂಚು ವ್ಯಾಸ, 6 ಇಂಚು ಪಿಚ್), 10% ನೈಟ್ರೋ ಇರುವ ಫ್ಯೂಯಲ್. ಪ್ರಾಪ್, ಫ್ಯೂಯಲ್, ಪ್ಲಗ್ ಬದಲಾದರೆ ಸೆಟ್ಟಿಂಗ್ ಕೂಡ ಬದಲಾಗುತ್ತದೆ. ಹಾಗಾಗಿ ಹೋಲಿಸುವಾಗ ಇವನ್ನು ಮುಟ್ಟಲಿಲ್ಲ.

ಮೊದಲು ಕಿವಿ. ಎಂಜಿನ್ ತುಂಬಾ ರಿಚ್ ಇದ್ದಾಗ, ಅಂದರೆ ಗಾಳಿಗೆ ಹೋಲಿಸಿದರೆ ಫ್ಯೂಯಲ್ ಜಾಸ್ತಿ ಇದ್ದಾಗ, ಫುಲ್ ಥ್ರಾಟಲ್‌ನಲ್ಲೂ ಗೊರಗೊರ ಅನ್ನುತ್ತದೆ, ಹೊಗೆಯೂ ಜಾಸ್ತಿ. ನೀಡಲ್ ಒಳಗೆ ತಿರುಗಿಸುತ್ತಾ ಹೋದರೆ ಒಂದು ಕಡೆ ಸದ್ದು ಥಟ್ಟನೆ ತಿಳಿಯಾಗಿ, ಒಂದೇ ಸಮನೆ ಕೂಗಲು ಶುರುವಾಗುತ್ತದೆ. ಈ ಜಾಗ ಹುಡುಕಲು ಕಿವಿಗಿಂತ ಒಳ್ಳೆಯ ಸಾಧನವಿಲ್ಲ. ತೊಂದರೆ ಇರುವುದು ಅದರ ಮುಂದೆ. 12,000 ಆರ್‌ಪಿಎಂ ಹತ್ತಿರ ನಮಗೆ ಬೇಕಾದ ವ್ಯತ್ಯಾಸ ಬರೀ 200-300, ಅಂದರೆ ಎರಡೂವರೆ ಪರ್ಸೆಂಟ್‌ಗಿಂತ ಹೆಚ್ಚಲ್ಲ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋದರೇ ಶ್ರುತಿ ಸುಮಾರು 6% ಏರುತ್ತದೆ. ಅದರ ಅರ್ಧವನ್ನೂ ಮುಟ್ಟದ ಬದಲಾವಣೆಯನ್ನು ಇಷ್ಟು ಗಲಾಟೆಯಲ್ಲಿ ಹಿಡಿಯುವುದು ಕಷ್ಟ, ಅಲ್ವಾ?

ಇನ್ನು ಪಿಂಚ್. ಫುಲ್ ಥ್ರಾಟಲ್‌ನಲ್ಲಿ, ಪ್ರಾಪ್‌ನ ಹಿಂದಿನಿಂದ ಕೈ ಹಾಕಿ, ಪೈಪನ್ನು ಚಕ್ಕನೆ ಹಿಸುಕಿ ಬಿಡಬೇಕು. ಆರ್‌ಪಿಎಂ ಸ್ವಲ್ಪ ಏರಿ ಮೊದಲಿನ ಜಾಗಕ್ಕೆ ಇಳಿದರೆ ಸರಿ. ಏರದೆ ನೇರವಾಗಿ ಕುಸಿದರೆ ಲೀನ್ ಇದೆ (ಫ್ಯೂಯಲ್ ಸಾಲದು), ಎರಡು ಮೂರು ಕ್ಲಿಕ್ ಹೊರಗೆ ತಿರುಗಿಸಿ. ತುಂಬಾ ಏರಿದರೆ ಇನ್ನೂ ರಿಚ್ ಇದೆ.

ನನ್ನ ಆಯ್ಕೆ ಇದೇ. ಕಾರಣ ಹೇಳುತ್ತೇನೆ. ವಿಮಾನ ಮೂತಿ ಮೇಲೆತ್ತಿ ಏರುವಾಗ ಫ್ಯೂಯಲ್ ಮೇಲಕ್ಕೆ ಹತ್ತಬೇಕು. ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಮಟ್ಟ ಇಳಿಯುತ್ತದೆ. ಹಾರಾಟದಲ್ಲಿ ಪ್ರಾಪ್ ಮೇಲಿನ ಭಾರ ಕಡಿಮೆಯಾಗಿ ಎಂಜಿನ್ ಇನ್ನೂ ವೇಗವಾಗಿ ತಿರುಗುತ್ತದೆ. ಮೂರರಿಂದಲೂ ಮಿಶ್ರಣ ಲೀನ್ ಕಡೆಗೇ ಜಾರುತ್ತದೆ. ಪೈಪ್ ಹಿಸುಕಿದಾಗ ಅದೇ ಸ್ಥಿತಿಯನ್ನು ನೆಲದ ಮೇಲೆ ಒಂದು ಕ್ಷಣ ತರುತ್ತೇವೆ. ಕೈಯಲ್ಲಿ ಎಷ್ಟು ರಿಚ್ ಉಳಿದಿದೆ ಅನ್ನುವುದಕ್ಕೆ ಎಂಜಿನ್ನೇ ಉತ್ತರ ಕೊಡುತ್ತದೆ. ಲೀನ್ ಆಗಿ ಓಡಿದ ಎಂಜಿನ್‌ಗೆ ಎಣ್ಣೆಯೂ ಕಡಿಮೆ ಸಿಗುತ್ತದೆ, ಏಕೆಂದರೆ ಎಣ್ಣೆ ಬರುವುದು ಫ್ಯೂಯಲ್ ಜೊತೆಗೇ. ಪಿಸ್ಟನ್, ಬೇರಿಂಗ್ ಉಳಿಯಬೇಕಾದರೆ ಈ ಉತ್ತರ ಕೇಳಲೇಬೇಕು. ಕೌಲ್ (ಎಂಜಿನ್ ಮೇಲಿನ ಹೊದಿಕೆ) ಒಳಗೆ ಪೈಪ್ ಮುಚ್ಚಿಹೋಗಿದ್ದರೆ ಮಾತ್ರ ಪಿಂಚ್ ಆಗುವುದಿಲ್ಲ. ಆಗ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂತಿಯನ್ನು ನೇರ ಮೇಲಕ್ಕೆ ಎತ್ತಿ. ಸದ್ದು ಕುಗ್ಗಿದರೆ ಲೀನ್.

ಟ್ಯಾಕೋಮೀಟರ್ ಹಿಡಿದಾಗ ಪದ್ಧತಿ ಸುಲಭ. ಅತಿ ಹೆಚ್ಚಿನ ಆರ್‌ಪಿಎಂ ಕಂಡುಹಿಡಿದು, ರಿಚ್ ಕಡೆಗೆ 200-300 ಇಳಿಸುವುದು. ಆದರೆ 11,800 ಅನ್ನುವ ಅಂಕಿ ರಿಚ್ ಕಡೆಯೂ ಬರುತ್ತದೆ, ಲೀನ್ ಕಡೆಯೂ ಬರುತ್ತದೆ. ಯಾವ ಕಡೆ ಇದ್ದೇವೆ ಅಂತ ಮೀಟರ್ ಹೇಳುವುದಿಲ್ಲ. ನಾನು ಅದನ್ನು ಬಳಸುವುದು ಬೇರೆ ಕೆಲಸಕ್ಕೆ. ಪಿಂಚ್‌ನಿಂದ ಸೆಟ್ ಮಾಡಿದ ಮೇಲೆ ಅಂಕಿ ಬರೆದಿಡುತ್ತೇನೆ. ಇನ್ನೊಂದು ದಿನ ಅದೇ ಪ್ರಾಪ್‌ಗೆ ಅಂಕಿ ತೀರಾ ಕಡಿಮೆ ಬಂದರೆ ಪ್ಲಗ್ ಸೋತಿರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು. ಮೀಟರ್ ಸರಿ ಇದೆಯೇ ಅಂತ ನೋಡಲು ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸಾಕು: 50 ಹರ್ಟ್ಸ್ ಕರೆಂಟ್‌ನಲ್ಲಿ, ಎರಡು ಬ್ಲೇಡ್ ಸೆಟ್ಟಿಂಗ್‌ಗೆ 3,000 ತೋರಿಸಬೇಕು.

ಫೋರ್ ಸ್ಟ್ರೋಕ್ ಎಂಜಿನ್ ಆದರೆ ಲೆಕ್ಕ ತಿರುವುಮುರುವು. ಅಲ್ಲಿ ಲೀನ್ ಆದರೆ ಎಂಜಿನ್ ಬಡಿದುಕೊಂಡು ಪ್ರಾಪನ್ನೇ ಕಿತ್ತು ಎಸೆಯಬಹುದು. ಪಿಂಚ್ ಬೇಡ, ಟ್ಯಾಕೋಮೀಟರ್ ಹಿಡಿದೇ ಸೆಟ್ ಮಾಡಿ.

ಐಡಲ್ (ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ) ವಿಷಯದಲ್ಲಿ ಟೂ ಸ್ಟ್ರೋಕ್‌ಗೆ ಪಿಂಚ್‌ನ ಎದುರು ಉಳಿದೆರಡೂ ನಿಲ್ಲಲಿಲ್ಲ. ಇಲ್ಲಿ ಹಿಸುಕಿ ಬಿಡಬಾರದು, ಹಿಡಿದೇ ಇರಬೇಕು. ಎರಡು ಮೂರು ಸೆಕೆಂಡ್‌ನಲ್ಲಿ ವೇಗ ತುಸು ಏರಿ ಎಂಜಿನ್ ಆಫ್ ಆದರೆ ಸರಿ. ತಕ್ಷಣ ಆಫ್ ಆದರೆ ಲೀನ್, ಬಹಳ ಹೊತ್ತು ಓಡಿದರೆ ರಿಚ್. ಐಡಲ್ ಮಿಶ್ರಣದ ಸ್ಕ್ರೂ ತಿರುಗಿಸುವ ಮೊದಲು ಕಾರ್ಬುರೇಟರ್ ಯಾವ ಬಗೆಯದು ಅಂತ ನೋಡಿಕೊಳ್ಳಿ. ಎರಡು ನೀಡಲ್ ಇರುವುದರಲ್ಲಿ ಒಳಗೆ ತಿರುಗಿಸಿದರೆ ಲೀನ್. ಮುಂದೆ ಸಣ್ಣ ಗಾಳಿ ತೂತು ಇರುವ ಏರ್ ಬ್ಲೀಡ್ ಬಗೆಯಲ್ಲಿ ಸ್ಕ್ರೂ ಆ ತೂತನ್ನು ಮುಚ್ಚುತ್ತದೆ, ಹಾಗಾಗಿ ಒಳಗೆ ಹೋದಷ್ಟೂ ರಿಚ್. ಐಡಲ್ ಮುಟ್ಟಿದ ಮೇಲೆ ಮೇನ್ ನೀಡಲ್‌ಗೆ ಮತ್ತೊಮ್ಮೆ ಪಿಂಚ್ ಮಾಡಿ ನೋಡಿ, ಒಂದೆರಡು ಕ್ಲಿಕ್ ಬದಲಾಗಬೇಕಾಗಬಹುದು.